ಮಳೆ ರಜೆಯ ದಿನಕ್ಕೆ ಒಂದು ಹಾಳೆ

ಮಾನ್ಯ ಸಂಪಾದಕರೆ,

ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಬೆಳಗಿನ ಮೊದಲ ಪ್ರಶ್ನೆ ‘ಇವತ್ತು ರಜೆ ಇದೆಯಾ?’ ಎಂಬುದೇ ಆಗಿರುತ್ತದೆ. ಜಿಲ್ಲಾಧಿಕಾರಿಗಳ ಆದೇಶ ಕೆಲವೊಮ್ಮೆ ಹಿಂದಿನ ರಾತ್ರಿ ಬರುತ್ತದೆ, ಕೆಲವೊಮ್ಮೆ ಮಕ್ಕಳು ಚೀಲ ಹೆಗಲಿಗೇರಿಸಿ ಕೊಡೆ ಬಿಚ್ಚುವ ಹೊತ್ತಿಗೆ ಬರುತ್ತದೆ. ತಾಲ್ಲೂಕಿನ ಮಟ್ಟದಲ್ಲಿ ತಹಶೀಲ್ದಾರರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳು ಸ್ಥಳೀಯ ಪರಿಸ್ಥಿತಿ ನೋಡಿ ರಜೆ ಕೊಡುವುದೂ ಉಂಟು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಆಗುಂಬೆಯನ್ನು ಒಡಲಲ್ಲಿ ಇಟ್ಟುಕೊಂಡಿರುವ ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂರು ದಶಕ ಪಾಠ ಮಾಡಿ, 2023ರಲ್ಲಿ ನಿವೃತ್ತಳಾದ ನನಗೆ ಈ ರಜೆಗಳ ಬಗ್ಗೆ ಯಾವ ಆಕ್ಷೇಪವೂ ಇಲ್ಲ. 2022ರ ಆಗಸ್ಟ್ ತಿಂಗಳಿನಲ್ಲಿ ಬೈಂದೂರು ಭಾಗದ ಶಾಲಾ ಬಾಲಕಿಯೊಬ್ಬಳು ಮನೆಗೆ ಮರಳುವಾಗ ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದ ಸುದ್ದಿ ಓದಿದ ಮೇಲೆ, ಅನುಮಾನವಿದ್ದ ದಿನ ರಜೆ ಕೊಟ್ಟುಬಿಡುವುದೇ ಸರಿ ಎಂಬ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ನಾನು ಬರೆಯಲು ಹೊರಟಿರುವುದು ರಜೆ ಘೋಷಣೆಯಾದ ಬಳಿಕ ಆ ದಿನ ಮಗುವಿನ ಪಾಲಿಗೆ ಏನಾಗುತ್ತದೆ ಎಂಬುದರ ಬಗ್ಗೆ.

ಈಗಿನ ಪದ್ಧತಿಯಲ್ಲಿ ಆ ದಿನ ಕಲಿಕೆಯ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಆನಂತರ ಅದನ್ನು ಶನಿವಾರದ ಮಧ್ಯಾಹ್ನಗಳಲ್ಲಿ ಅಥವಾ ಭಾನುವಾರಗಳಲ್ಲಿ ಸರಿದೂಗಿಸಬೇಕೆಂದು ಸೂಚನೆ ಬರುತ್ತದೆ. ಕಡತದಲ್ಲಿ ದಿನಗಳ ಸಂಖ್ಯೆ ಸರಿಹೋಗುವುದು ನಿಜ, ಆದರೆ ತರಗತಿಯಲ್ಲಿ ನಿಂತವರಿಗೆ ಗೊತ್ತಿರುವ ಸಂಗತಿ ಬೇರೆ. ಭಾನುವಾರದ ಶಾಲೆಗೆ ಅರ್ಧದಷ್ಟು ಮಕ್ಕಳು ಬಂದರೆ ಹೆಚ್ಚು, ಬಂದವರ ಮನಸ್ಸು ಮನೆಯಲ್ಲಿ ಉಳಿದ ಅಣ್ಣ ತಮ್ಮಂದಿರ ಕಡೆಗೇ ಇರುತ್ತದೆ, ಬಾರದವರಿಗಾಗಿ ಸೋಮವಾರ ಅದೇ ಪಾಠವನ್ನು ಮತ್ತೆ ಮಾಡಬೇಕಾಗುತ್ತದೆ. ಜುಲೈನಲ್ಲಿ ಒಂದು ವಾರ ಪೂರ್ತಿ ಮನೆಯಲ್ಲಿದ್ದು ಬಂದ ಒಂದನೇ ತರಗತಿಯ ಮಗು ಅದಾಗಲೇ ಗುರುತಿಸುತ್ತಿದ್ದ ಅಕ್ಷರವನ್ನು ಮರೆತು ಕುಳಿತಿರುವುದನ್ನು ನಾನು ಪ್ರತಿ ಮಳೆಗಾಲದಲ್ಲೂ ನೋಡಿದ್ದೇನೆ. ಆ ಮರೆವನ್ನು ಅಕ್ಟೋಬರ್ ತಿಂಗಳ ಒಂದು ಭಾನುವಾರ ಸರಿಪಡಿಸಲಾರದು.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 1ರಿಂದ 5ನೇ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು ಮತ್ತು 800 ಬೋಧನಾ ಗಂಟೆಗಳು ಇರಬೇಕೆಂದು ಹೇಳಿದೆ. ಸರಾಸರಿ ಹಿಡಿದರೆ ದಿನಕ್ಕೆ ನಾಲ್ಕು ಗಂಟೆಯಾಯಿತು. ಕಾಯ್ದೆಯ ಈ ಮಿತಿಯನ್ನು ಸಡಿಲಿಸಬೇಕೆಂದು ನಾನು ಕೇಳುತ್ತಿಲ್ಲ, ಮನೆಯ ಕಲಿಕೆಯನ್ನು ಶಾಲೆಯ ಬೋಧನೆಗೆ ಸಮನೆಂದು ಎಣಿಸಿದರೆ ನಾಳೆ ಶಿಕ್ಷಕರ ಹುದ್ದೆ ತುಂಬದಿರಲು ಅದೇ ಒಂದು ನೆಪವಾಗಬಹುದೆಂಬ ಭಯವೂ ನನಗಿದೆ. ನನ್ನ ಕೋರಿಕೆ ತೀರ ಸಣ್ಣದು. ರಜೆ ಕೊಟ್ಟ ದಿನ ಮನೆಯಲ್ಲಿಯೇ ಒಂದೂವರೆ ಗಂಟೆ ಅರ್ಥಪೂರ್ಣವಾಗಿ ಕಲಿಯಲು ಬೇಕಾದ ಒಂದು ಹಾಳೆ ಮಳೆಗಾಲಕ್ಕೆ ಮೊದಲೇ ಪ್ರತಿ ಮಗುವಿನ ಮನೆ ಸೇರಿರಲಿ. ಪ್ರಾಥಮಿಕ ಶಾಲೆಯ ಮಗುವನ್ನು ಮನೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕೂರಿಸುವುದು ಬೇಡ.

ಹಾಳೆ ಎಂದು ಬೇಕೆಂದೇ ಹೇಳುತ್ತಿದ್ದೇನೆ. ‘ಮನೆಯಲ್ಲಿ ಕಲಿಕೆ’ ಎಂದ ಕೂಡಲೇ ಮೊಬೈಲ್ ಫೋನ್ ಕೈಗೆತ್ತಿಕೊಳ್ಳುವುದು ಕೊರೊನಾ ಕಾಲದಿಂದ ನಮಗೆ ಅಭ್ಯಾಸವಾಗಿಬಿಟ್ಟಿದೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹುಡುಗಿಯೊಬ್ಬಳು ಸುರಿಯುವ ಮಳೆಯಲ್ಲಿ ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದುದು, ಪಕ್ಕದಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದುದು ಚಿತ್ರವಾಗಿ ನಾಡೆಲ್ಲ ಹರಡಿತ್ತು. ಆ ಚಿತ್ರವನ್ನು ಕಂಡು ಅನೇಕರು ಅವರ ಛಲವನ್ನು ಹೊಗಳಿದರು, ನನಗೆ ಮಾತ್ರ ನಮ್ಮ ಊರಿನ ಗುಡ್ಡದ ತುದಿಯಲ್ಲಿ ಸಿಗ್ನಲ್ ಹುಡುಕುತ್ತಿದ್ದ ಮಕ್ಕಳು ನೆನಪಾಗಿ ಸಂಕಟವಾಯಿತು. ಮಳೆ ಜೋರಾದ ದಿನ ನಮ್ಮಲ್ಲಿ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಹೋಗುವುದು ಮೊಬೈಲ್ ಟವರ್. ಹಾಗಿರುವಾಗ ಮಳೆ ರಜೆಯ ಪಾಠವನ್ನು ಫೋನಿನ ಮೇಲೆ ನಿಲ್ಲಿಸುವುದೆಂದರೆ ಅದೇ ಮಳೆ ಕಿತ್ತುಕೊಳ್ಳುವ ಕಂಬಕ್ಕೆ ಶಾಲೆಯನ್ನು ಕಟ್ಟಿದಂತೆ. ಸೌಕರ್ಯಕ್ಕೆ ಹೆಸರಾದ ನ್ಯೂಯಾರ್ಕ್ ನಗರದಲ್ಲೇ 2024ರ ಫೆಬ್ರುವರಿಯಲ್ಲಿ ಹಿಮಪಾತದ ದಿನ ಸರ್ಕಾರಿ ಶಾಲೆಗಳನ್ನು ಆನ್‌ಲೈನ್‌ಗೆ ತಿರುಗಿಸಿದಾಗ ಬೆಳಗ್ಗೆ ಬಹಳಷ್ಟು ಮಕ್ಕಳಿಗೆ ಲಾಗಿನ್ ಆಗಲು ಸಾಧ್ಯವಾಗಲಿಲ್ಲ.

ಅಂತರವೊಂದು ಬಿದ್ದರೆ ಏನಾಗುತ್ತದೆ ಎಂಬುದನ್ನು ಕೊರೊನಾ ಕಾಲ ನಮಗೆ ಕಲಿಸಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು 2021ರ ಜನವರಿಯಲ್ಲಿ ಪರಿಶೀಲಿಸಿದಾಗ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಗಳಿಸಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನೂ ಶೇ 82ರಷ್ಟು ಮಕ್ಕಳು ಕನಿಷ್ಠ ಒಂದು ಗಣಿತ ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದು ನನ್ನ ಮುಂದೆ ಕುಳಿತಿದ್ದ ಮೂರನೇ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಒಂದನೇ ತರಗತಿಯನ್ನೂ ಪೂರ್ತಿ ಮುಗಿಸಿದವರಲ್ಲ. ಪೆನ್ಸಿಲ್ ಹಿಡಿಯುವ ರೀತಿಯೇ ಕೆಲವರಿಗೆ ಮರೆತಿತ್ತು. ಮಳೆ ರಜೆಯ ಅಂತರ ಅಷ್ಟು ದೊಡ್ಡದಲ್ಲವೆಂಬುದು ನನಗೆ ಗೊತ್ತು. ಆದರೆ ಒಬ್ಬರೇ ಶಿಕ್ಷಕರು ಐದು ತರಗತಿಗಳನ್ನು ನೋಡಿಕೊಳ್ಳುವ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದು ವಾರದ ಹಿನ್ನಡೆಯನ್ನು ತುಂಬಲು ಮೂರು ವಾರ ಬೇಕಾಗುತ್ತದೆ.

ಇಷ್ಟನ್ನು ನಾನು ಅಂದಾಜಿನಿಂದ ಬರೆಯುತ್ತಿಲ್ಲ. ನಿವೃತ್ತಿಗೆ ಹಿಂದಿನ ವರ್ಷ, ಅಂದರೆ 2022ರ ಮಳೆಗಾಲದಲ್ಲಿ, ನಮ್ಮ ಶಾಲೆಯ 31 ಮಕ್ಕಳಿಗೆ ನಾನೇ ಹಾಳೆಗಳನ್ನು ಬರೆದು ಕೊಟ್ಟಿದ್ದೆ. ಮಕ್ಕಳು ಅದಕ್ಕೆ ‘ಮಳೆ ಚೀಟಿ’ ಎಂದು ಹೆಸರಿಟ್ಟರು. ಮೊದಲ ಸಲ ನಾನು ಮಾಡಿದ್ದು ತಪ್ಪಾಗಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ಎರಡು ಪುಟ ಕಾಪಿ ಬರೆಯುವುದು, ಐದರಿಂದ ಹತ್ತರವರೆಗೆ ಮಗ್ಗಿ ಬರೆಯುವುದು, ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಎಂದು ಕೊಟ್ಟಿದ್ದೆ. ಮೂರು ದಿನದ ರಜೆ ಮುಗಿದು ಮಕ್ಕಳು ಬಂದಾಗ ಅರ್ಧಕ್ಕರ್ಧ ಚೀಟಿಗಳಲ್ಲಿ ಅಕ್ಕಂದಿರ ಕೈಬರಹವಿತ್ತು, ಕೆಲವು ಚೀಟಿಗಳು ನೆನೆದು ಮುದ್ದೆಯಾಗಿದ್ದವು. ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಚೀಟಿ ಕೊಟ್ಟಾಗ ಹೇಗಿತ್ತೋ ಹಾಗೆಯೇ ಇತ್ತು. ತಾಯಿ ನಾಟಿ ಕೆಲಸಕ್ಕೆ ಹೋಗಿದ್ದಳು, ಎಂಟು ತಿಂಗಳ ತಮ್ಮನನ್ನು ಸೊಂಟದಿಂದ ಇಳಿಸಲು ಆ ಹುಡುಗಿಗೆ ದಿನವಿಡೀ ಬಿಡುವಾಗಿರಲಿಲ್ಲ. ‘ಟೀಚರ್, ಪಾಪು ಬಿಟ್ರೆ ಅಳ್ತದೆ’ ಎಂದಷ್ಟೇ ಹೇಳಿದಳು. ಅವಳಿಗೆ ನಾನು ಕಾಪಿ ಬರೆಯಲು ಹೇಳಿದ್ದೆನಲ್ಲ ಎಂಬ ನಾಚಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಎರಡನೆಯ ಸಲ ಚೀಟಿಯನ್ನು ಪೂರ್ತಿ ಬದಲಿಸಿದೆ. ನಲಿ-ಕಲಿಯಲ್ಲಿ ನಾವು ಮಾಡುತ್ತಿದ್ದುದನ್ನೇ ಮನೆಗೆ ಒಯ್ಯಬಹುದಲ್ಲ ಎನ್ನಿಸಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಆ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಆ ಕಾರ್ಡನ್ನು ಎತ್ತಿಕೊಂಡು, ಕೆಲವನ್ನು ಶಿಕ್ಷಕರ ಜೊತೆಗೆ, ಕೆಲವನ್ನು ಗೆಳೆಯರ ಜೊತೆಗೆ, ಕೆಲವನ್ನು ತಾನೇ ಮಾಡಿ ಮುಂದಕ್ಕೆ ಹೋಗುತ್ತದೆ. ತಾನೇ ಮಾಡಬಲ್ಲ ಕೆಲಸಕ್ಕೆ ಶಾಲೆಯ ಗೋಡೆ ಬೇಕೆಂದೇನೂ ಇಲ್ಲ. ಹಾಗಾಗಿ ಒಂದೇ ಹಾಳೆಯಲ್ಲಿ ಒಂದೇ ವಿಷಯವನ್ನು ಮೂರು ಹಂತಗಳಲ್ಲಿ ಬರೆದೆ. ಒಂದು, ಎರಡನೇ ತರಗತಿಯವರಿಗೆ ಹೇಳುವ, ಎಣಿಸುವ, ಚಿತ್ರ ಬರೆಯುವ ಕೆಲಸ. ಮೂರನೆಯವರಿಗೆ ಓದುವ ಮತ್ತು ಒಂದೆರಡು ವಾಕ್ಯ ಬರೆಯುವ ಕೆಲಸ. ನಾಲ್ಕು, ಐದನೆಯವರಿಗೆ ಅಳೆಯುವ, ಲೆಕ್ಕ ಹಾಕುವ, ಮನೆಯವರನ್ನು ಕೇಳಿ ಬರೆದುಕೊಳ್ಳುವ ಕೆಲಸ. ಒಂದೇ ಮನೆಯ ಮೂವರು ಮಕ್ಕಳು ಒಲೆಯ ಮುಂದೆ ಒಟ್ಟಿಗೆ ಕುಳಿತು ಮಾಡಬಹುದಾದಂತೆ ಅದನ್ನು ರೂಪಿಸಿದ್ದೆ. ಹತ್ತು ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮನೆಯ ಒಳಗೋಡೆಯ ಮೊಳೆಗೆ ತೂಗುಹಾಕಬೇಕೆಂದು ತಾಯಂದಿರ ಸಭೆ ಕರೆದು ಹೇಳಿದೆ. ಯಾವ ದಿನ ರಜೆ ಬಂದರೂ ಮೇಲಿನ ಹಾಳೆಯನ್ನು ತೆಗೆದುಕೊಂಡರೆ ಆಯಿತು, ನನ್ನ ಸಂದೇಶಕ್ಕಾಗಿ ಯಾರೂ ಕಾಯಬೇಕಾಗಿರಲಿಲ್ಲ.

ಹಾಳೆಯಲ್ಲಿ ಏನಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ, ಏಕೆಂದರೆ ಈ ಯೋಜನೆ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ. ಮೊದಲ ಹಾಳೆ ಮಳೆಯದ್ದೇ ಆಗಿತ್ತು. ಪಕ್ಕಗಳು ನೆಟ್ಟಗಿರುವ ಯಾವುದಾದರೂ ಡಬ್ಬಿಯನ್ನು ಸೂರಿನ ನೀರು ಬೀಳದ ಕಡೆ ಅಂಗಳದಲ್ಲಿಟ್ಟು, ಮರುದಿನ ಅದೇ ಹೊತ್ತಿಗೆ ಸ್ಕೇಲಿನಿಂದ ನೀರಿನ ಆಳ ಅಳೆಯಬೇಕು. ಡಬ್ಬಿಯ ಬಾಯಿ ಅಗಲವಾಗಿದ್ದರೂ ಕಿರಿದಾಗಿದ್ದರೂ ಅಳತೆ ಒಂದೇ ಬರುತ್ತದೆಂಬುದನ್ನು ಕಂಡ ಮಕ್ಕಳಿಗೆ ಅದು ಹೇಗೆಂಬ ಚರ್ಚೆ ಒಂದು ವಾರ ಮುಗಿಯಲಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು ಎಂದು ತಿಳಿದ ಐದನೇ ತರಗತಿಯ ಹುಡುಗನೊಬ್ಬ, ತನ್ನ ಮನೆಯ ಹೆಂಚಿನ ಮಾಡು 100 ಚದರ ಮೀಟರ್ ಇದ್ದರೆ 120 ಮಿಲಿಮೀಟರ್ ಮಳೆಯ ದಿನ ಅದರಿಂದ 12,000 ಲೀಟರ್ ನೀರು ಇಳಿಯುತ್ತದೆಂದು ಲೆಕ್ಕ ಹಾಕಿ, ಬೇಸಿಗೆಯಲ್ಲಿ ನಮ್ಮ ಬಾವಿ ಯಾಕೆ ಒಣಗುತ್ತದೆ ಎಂದು ತಂದೆಯನ್ನು ಕೇಳಿದನಂತೆ. ನಮ್ಮ ಭಾಗದ ಅಡಿಕೆ ಬೆಳೆಗಾರರಲ್ಲಿ ಎಷ್ಟೋ ಮಂದಿ ಮಳೆಮಾಪಕ ಇಟ್ಟುಕೊಂಡು ಪ್ರತಿದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವವರು, ಅಂಥ ಮನೆಗಳಲ್ಲಿ ಮಕ್ಕಳು ಅಜ್ಜನ ಪುಸ್ತಕ ತೆರೆದು ಹಳೆಯ ವರ್ಷದ ಮಳೆಯೊಂದಿಗೆ ಹೋಲಿಸಿಕೊಂಡು ಬಂದರು.

ಇನ್ನೊಂದು ಹಾಳೆಯಲ್ಲಿ ಮಳೆ ನಕ್ಷತ್ರಗಳಿದ್ದವು. ಈಗ ಯಾವ ಮಳೆ ನಡೆಯುತ್ತಿದೆ, ಮುಂದಿನದು ಯಾವುದು, ಅದರ ಬಗ್ಗೆ ಮನೆಯ ಹಿರಿಯರು ಯಾವ ಗಾದೆ ಹೇಳುತ್ತಾರೆ ಎಂದು ಕೇಳಿ ಬರೆಯುವುದು ಚಿಕ್ಕವರ ಕೆಲಸ. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ತಲಾ 13 ಬಂದು 14 ದಿನ ಉಳಿಯುತ್ತವೆ, ಹಾಗಾದರೆ ಕೆಲವು ನಕ್ಷತ್ರಗಳ ಮಳೆ 13 ದಿನ, ಕೆಲವುಗಳದ್ದು 14 ದಿನ ಯಾಕೆ ಇರುತ್ತದೆ ಎಂಬುದು ದೊಡ್ಡವರ ಲೆಕ್ಕ. ಶೇಷ ಉಳಿಯುವ ಭಾಗಾಕಾರವನ್ನು ನಾನು ಕಪ್ಪುಹಲಗೆಯ ಮೇಲೆ ಇಷ್ಟು ಚೆನ್ನಾಗಿ ಎಂದೂ ಕಲಿಸಿರಲಿಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದ ಹಾಳೆಯೂ ಇತ್ತು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಪ್ರಮಾಣ ನಮ್ಮ ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತದೆ. ಮುನ್ನೂರು ಲೀಟರಿಗೆ ಎಷ್ಟು, ಐವತ್ತಕ್ಕೆ ಎಷ್ಟು ಎಂದು ಕೇಳಿದರೆ ಸಾಕು, ಅನುಪಾತ ತಾನಾಗಿ ಬರುತ್ತದೆ. ಮೈಲುತುತ್ತವನ್ನು ಮಕ್ಕಳು ಮುಟ್ಟಕೂಡದು ಎಂದು ಹಾಳೆಯ ತಲೆಯ ಮೇಲೆಯೇ ಬರೆದಿದ್ದೆ. ಕಳಲೆಯನ್ನು ಎಷ್ಟು ದಿನ ನೀರಿನಲ್ಲಿಡುತ್ತಾರೆ, ನೀರನ್ನು ಯಾಕೆ ಬದಲಿಸುತ್ತಾರೆ ಎಂಬ ಪ್ರಶ್ನೆ, ಪತ್ರೊಡೆ ಮಾಡುವ ಕ್ರಮವನ್ನು ಅಮ್ಮನ ಮಾತಿನಲ್ಲೇ ಬರೆಯುವುದು, ಅಜ್ಜಿಯಿಂದ ಮೂರು ಒಗಟು ಕಲಿತು ಬರುವುದು, ಇಂಥವು ಉಳಿದ ಹಾಳೆಗಳು.

ಎಲ್ಲ ಹಾಳೆಗಳಲ್ಲೂ ತಪ್ಪದೆ ಇದ್ದದ್ದು ಒಂದೇ ಕೆಲಸ. ಅರ್ಧ ಪುಟದ ಕಥೆ ಅಥವಾ ಪದ್ಯವನ್ನು ಮನೆಯಲ್ಲಿ ಯಾರಾದರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಕೇಳುವವರಿಗೆ ಓದು ಬರಬೇಕೆಂದಿಲ್ಲ. ‘ನಮಗೆ ಅಕ್ಷರ ಬರಲ್ಲ, ನಾವೇನು ಹೇಳಿಕೊಡೋದು’ ಎಂದು ಹಿಂಜರಿಯುತ್ತಿದ್ದ ತಾಯಂದಿರಿಗೆ ನೀವು ಹೇಳಿಕೊಡುವುದು ಬೇಡ, ಸುಮ್ಮನೆ ಕುಳಿತು ಕೇಳಿಸಿಕೊಳ್ಳಿ, ಆಮೇಲೆ ಕಥೆಯಲ್ಲಿ ಏನಾಯಿತೆಂದು ಒಂದು ಪ್ರಶ್ನೆ ಕೇಳಿ ಎಂದಾಗ ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಮರೆಯಲಾರೆ. ತಮ್ಮನನ್ನು ಎತ್ತಿಕೊಂಡಿರುತ್ತಿದ್ದ ಆ ಹುಡುಗಿ ಎರಡನೆಯ ಸಲ ಕಥೆಯನ್ನು ತಮ್ಮನಿಗೇ ಓದಿ ಹೇಳಿದ್ದಳು. ಎಷ್ಟು ಬಾರಿ ಓದಿದ್ದಳೋ, ಶಾಲೆಗೆ ಬಂದಾಗ ಹಾಳೆ ನೋಡದೆಯೇ ಹೇಳಿದಳು. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಲಂಬಾಣಿಯೋ ಆಗಿರುವ ಮಕ್ಕಳು ಕಥೆಯನ್ನು ಕನ್ನಡದಲ್ಲಿ ಓದಿ ತಮ್ಮ ಭಾಷೆಯಲ್ಲಿ ವಿವರಿಸಬಹುದೆಂದೂ ಹೇಳಿದ್ದೆ, ಅದರಿಂದ ಅವರ ಕನ್ನಡ ಹಿಂದೆ ಬೀಳಲಿಲ್ಲ, ಓದಿದ್ದು ಅರ್ಥವಾಗಿದೆಯೇ ಎಂಬುದು ಅವರಿಗೇ ತಿಳಿಯಿತು.

ಶಾಲೆ ತೆರೆದ ದಿನ ಈ ಹಾಳೆಗಳಿಗೆ ನಾನು ಅಂಕ ಹಾಕಲಿಲ್ಲ. ಪ್ರಾರ್ಥನೆಯ ನಂತರ ಇಪ್ಪತ್ತು ನಿಮಿಷ ಪ್ರತಿಯೊಬ್ಬರೂ ತಂದದ್ದರಲ್ಲಿ ಒಂದನ್ನು ಎಲ್ಲರ ಮುಂದೆ ಹೇಳುತ್ತಿದ್ದರು. ಅಂಕ ಹಾಕಿದ್ದರೆ ಅಕ್ಕಂದಿರ ಕೈಬರಹ ಮತ್ತೆ ಬರುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇದರ ಮಿತಿಗಳನ್ನೂ ಹೇಳದಿದ್ದರೆ ಪತ್ರ ಪ್ರಾಮಾಣಿಕವಾಗದು. ಎಲ್ಲ ಮಕ್ಕಳ ಮನೆಯೂ ಒಂದೇ ಥರ ಇರುವುದಿಲ್ಲ. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುತ್ತಾರೆ, ಕರೆಂಟಿಲ್ಲದ ಮಳೆಯ ದಿನ ಅಲ್ಲಿ ಮಧ್ಯಾಹ್ನವೂ ಓದುವಷ್ಟು ಬೆಳಕಿರುವುದಿಲ್ಲ. ಅಂಥ ಕಡೆ ಅಂಗನವಾಡಿಯನ್ನೋ ತೋಟದ ಯಾವುದಾದರೂ ಸುರಕ್ಷಿತ ಕಟ್ಟಡವನ್ನೋ ಒಂದೆರಡು ಗಂಟೆ ತೆರೆದಿಡುವ ಬಗ್ಗೆ ಸ್ಥಳೀಯವಾಗಿ ಯೋಚಿಸಬೇಕು. ರಜೆಯ ದಿನ ದೊಡ್ಡವರಿಲ್ಲದ ಮನೆಗಳಿಂದ ಮಕ್ಕಳು ಏಡಿ ಹಿಡಿಯಲು ಹಳ್ಳಕ್ಕೆ ಇಳಿಯುತ್ತಾರೆ. ಆದ್ದರಿಂದ ಹಾಳೆಯ ಯಾವ ಕೆಲಸವೂ ಮಗುವನ್ನು ಅಂಗಳದಾಚೆಗೆ ಕರೆದೊಯ್ಯುವಂತಿರಬಾರದು, ಎಲೆ ತನ್ನಿ, ಕಲ್ಲು ತನ್ನಿ, ಹೊಳೆ ನೋಡಿ ಬನ್ನಿ ಎಂಬ ಚಟುವಟಿಕೆಗಳನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳೋಣ.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಯೂಟ. ಶಾಲೆಗೆ ರಜೆ ಕೊಟ್ಟ ದಿನ ಕೆಲವು ಮಕ್ಕಳಿಗೆ ದಿನದ ಮುಖ್ಯ ಊಟಕ್ಕೇ ರಜೆ ಬೀಳುತ್ತದೆ. ಕೂಲಿಯೂ ಇಲ್ಲದ ಜಡಿಮಳೆಯ ವಾರ ಅದು ಸಣ್ಣ ವಿಷಯವಲ್ಲ. ಹೊಟ್ಟೆ ಹಸಿದಿರುವ ಮಗುವಿನ ಕೈಗೆ ಹಾಳೆ ಕೊಟ್ಟು ಕಲಿ ಎನ್ನುವುದು ನನ್ನಿಂದಾಗದು. ಬಿಸಿಯೂಟ ಯೋಜನೆಯ ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಆಹಾರಧಾನ್ಯ, 20 ಗ್ರಾಂ ಬೇಳೆ ಸಲ್ಲಬೇಕು. ಹತ್ತು ದಿನದ ಮಳೆ ರಜೆಗೆ ಒಂದು ಕಿಲೋ ಅಕ್ಕಿ, 200 ಗ್ರಾಂ ಬೇಳೆಯಾಯಿತು. ಕೊರೊನಾ ಕಾಲದಲ್ಲಿ ಆಹಾರಧಾನ್ಯವನ್ನು ಮನೆಗೆ ಕೊಟ್ಟ ಅನುಭವ ಇಲಾಖೆಗೆ ಇದೆ, ಶಾಲೆ ತೆರೆದ ಮೊದಲ ದಿನವೇ ಆ ಪಾಲನ್ನು ಮಗುವಿನ ಮನೆಗೆ ಕೊಡುವುದು ಅಸಾಧ್ಯವೇನಲ್ಲ.

ಶಿಕ್ಷಕರ ಮೇಲೆ ಇದು ಇನ್ನೊಂದು ಹೊರೆಯಾಗಬಾರದೆಂಬುದು ನನ್ನ ಕಾಳಜಿ. ಜನಗಣತಿ, ಚುನಾವಣೆ, ಆ್ಯಪ್‌ಗಳಲ್ಲಿ ಮಾಹಿತಿ ತುಂಬುವುದು ಇವುಗಳ ನಡುವೆ ಹಾಳೆಗಳನ್ನೂ ಕೈಯಿಂದ ಬರೆಯಿರಿ ಎಂದರೆ ನನ್ನ ಸಹೋದ್ಯೋಗಿಗಳಿಗೆ ಅನ್ಯಾಯವಾಗುತ್ತದೆ. ನಾನು ಬರೆದ ಹಾಳೆಗಳನ್ನು ನೋಡಿದ ಅಧಿಕಾರಿಯೊಬ್ಬರು ಇದಕ್ಕೆ ಆದೇಶವಿದೆಯೇ, ದಾಖಲೆಯ ಫೋಟೊಗಳಿವೆಯೇ ಎಂದು ಕೇಳಿದ್ದರು. ಮಕ್ಕಳು ಮನೆಯಲ್ಲಿ ಓದುವ ಫೋಟೊ ನನ್ನ ಬಳಿ ಇರಲಿಲ್ಲ. ಮಳೆ ಚೀಟಿ ಜಾರಿಗೆ ಬಂದರೆ ಅದರ ಹಿಂದೆ ವರದಿ ನಮೂನೆಗಳು ಬಾರದಿರಲಿ ಎಂದು ಶಿಕ್ಷಣ ಇಲಾಖೆಯನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು, ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಬೇಸಿಗೆ ರಜೆಯಲ್ಲಿ ಆಸಕ್ತ ಶಿಕ್ಷಕರನ್ನು ನಾಲ್ಕು ದಿನ ಕೂರಿಸಿದರೆ ಆಯಾ ಜಿಲ್ಲೆಗೆ ಹೊಂದುವ ಹತ್ತು ಹಾಳೆಗಳು ಸಿದ್ಧವಾಗುತ್ತವೆ. ಕರಾವಳಿಯ ಹಾಳೆಯಲ್ಲಿ ದೋಣಿ, ಬಲೆ, ಮೀನುಗಾರಿಕೆ ನಿಷೇಧದ ದಿನಗಳ ಲೆಕ್ಕವಿರಲಿ, ಕೊಡಗಿನದ್ದರಲ್ಲಿ ಕಾಫಿ, ಕಾಳುಮೆಣಸಿರಲಿ. ಎರಡೂ ಕಡೆ ಮುದ್ರಿಸಿದ ಹತ್ತು ಹಾಳೆ ಮತ್ತು ಒಂದು ಪ್ಲಾಸ್ಟಿಕ್ ಕವರ್ ಪಠ್ಯಪುಸ್ತಕಗಳ ಜೊತೆಗೇ ಶಾಲೆ ತಲುಪಿದರೆ, ಜೂನ್ ಮೊದಲ ವಾರದ ಪೋಷಕರ ಸಭೆಯಲ್ಲಿ ಹಂಚಬಹುದು. ಹಿಂದೆ ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’ಗಳಂಥ ಪಾಠಗಳನ್ನು ನಮ್ಮ ಮಕ್ಕಳಿಗೆ ಕೇಳಿಸಿದ ಆಕಾಶವಾಣಿ, ಮಳೆ ರಜೆಯ ಬೆಳಗ್ಗೆ ಹತ್ತು ಗಂಟೆಗೆ ಅರ್ಧ ಗಂಟೆ ಕಥೆಗಳನ್ನು ಬಿತ್ತರಿಸಿದರೆ ಬ್ಯಾಟರಿ ರೇಡಿಯೊ ಇರುವ ಮನೆಗಳಿಗಾದರೂ ಅದು ತಲುಪುತ್ತದೆ.

ಹಾಳೆ ಮಾಡಿದ ದಿನಗಳನ್ನು ಕೆಲಸದ ದಿನವೆಂದು ಎಣಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಕಾಯ್ದೆಯ 200 ದಿನ ಮತ್ತು 800 ಗಂಟೆಗಳು ತರಗತಿಯಲ್ಲೇ ಪೂರ್ತಿಯಾಗಲಿ. ಅದಕ್ಕಿಂತ ಹೆಚ್ಚಿಗೆ ನಮ್ಮ ವಾರ್ಷಿಕ ವೇಳಾಪಟ್ಟಿಯಲ್ಲಿರುವ ದಿನಗಳನ್ನು ಸರಿದೂಗಿಸಲೆಂದು 1ರಿಂದ 5ನೇ ತರಗತಿಯ ಮಕ್ಕಳನ್ನು ಭಾನುವಾರ ಶಾಲೆಗೆ ಕರೆಸುವುದನ್ನು ಕೈಬಿಡಲಿ, ಶನಿವಾರದ ಮಧ್ಯಾಹ್ನಗಳು ಸಾಕು.

ನನ್ನ ಬಳಿ 2022ರ ಹತ್ತು ಹಾಳೆಗಳ ಕೈಬರಹದ ಪ್ರತಿ ಇನ್ನೂ ಇದೆ. ಡಯಟ್‌ನವರಾಗಲಿ, ಯಾವುದೇ ಶಾಲೆಯ ಶಿಕ್ಷಕರಾಗಲಿ ಪತ್ರಿಕೆಯ ಮೂಲಕ ಕೇಳಿದರೆ ಸಂತೋಷದಿಂದ ಕಳುಹಿಸಿಕೊಡುತ್ತೇನೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ